ಕ್ರಾಪ್ ಸೆನ್ಸರ್ ಕ್ಯಾಮೆರಾಗೆ ಪೋರ್ಟ್ರೇಟ್ ಝೂಮ್ ಲೆನ್ಸ್: ಕೊಳ್ಳುವ ಮುನ್ನ ಕೋಣೆ ಅಳೆಯಿರಿ

ನಾಮಕರಣ, ಹುಟ್ಟುಹಬ್ಬ, ಸೀಮಂತ ಅಂದಕೂಡಲೇ ಮನೆಯವರ ಕಣ್ಣು ಕ್ಯಾಮೆರಾ ಇರುವವರ ಮೇಲೆ ಬೀಳುತ್ತದೆ. ಕ್ಯಾಮೆರಾ ಜತೆ ಬಂದ 18-55 ಎಂಎಂ ಲೆನ್ಸಿನಲ್ಲಿ ಮುಖ ಚೆನ್ನಾಗಿಯೇ ಬರುತ್ತದೆ. ಆದರೆ ಹಿಂದಿನ ಕ್ಯಾಲೆಂಡರ್, ಟಿವಿ, ಕಿಟಕಿ ಕೂಡ ಅಷ್ಟೇ ಸ್ಪಷ್ಟವಾಗಿ ಕಾಣುತ್ತವೆ. ಆಗ ಮನಸ್ಸು ಹರಿಯುವುದು ಮದುವೆ ಫೋಟೋಗ್ರಾಫರುಗಳ ಕೈಯಲ್ಲಿ ಕಾಣುವ 70-200 ಎಂಎಂ ಲೆನ್ಸಿನತ್ತ. ಒಳ್ಳೆಯ ಲೆನ್ಸು, ನಿಜ. ಆದರೆ ನಿಮ್ಮ ಮನೆಯ ಹಾಲ್‌ನಲ್ಲಿ ಅದು ಕೆಲಸಕ್ಕೆ ಬರುತ್ತದೆಯೇ? ದುಡ್ಡು ಕೊಡುವ ಮೊದಲು ಈ ಲೆಕ್ಕ ನೋಡಿ.

1.5ರ ಲೆಕ್ಕ

ಫುಲ್ ಫ್ರೇಮ್ ಸೆನ್ಸರ್ ಅಳತೆ 36x24 ಎಂಎಂ. ಎಪಿಎಸ್-ಸಿ ಎನ್ನುವ ಕ್ರಾಪ್ ಸೆನ್ಸರ್ ಸುಮಾರು 24x16 ಎಂಎಂ. ಚಿತ್ರದ ಅಂಚು ಕತ್ತರಿಸಿಹೋಗುವುದರಿಂದ ಎದುರಿನ ವ್ಯಕ್ತಿ ಹತ್ತಿರ ಬಂದಂತೆ ಕಾಣುತ್ತದೆ. ನಿಕಾನ್, ಸೋನಿ, ಫ್ಯೂಜಿಫಿಲ್ಮ್ ಆದರೆ ಲೆನ್ಸಿನ ಎಂಎಂ ಅನ್ನು 1.5ರಿಂದ, ಕ್ಯಾನನ್ ಆದರೆ 1.6ರಿಂದ ಗುಣಿಸಿ. ಫುಲ್ ಫ್ರೇಮ್‌ನಲ್ಲಿ ಪೋರ್ಟ್ರೇಟ್‌ಗೆ ಹೆಸರಾದ 85 ಎಂಎಂ ನೋಟ ನಿಮಗೆ ಸಿಗುವುದು 55 ಎಂಎಂ ಆಸುಪಾಸಿನಲ್ಲಿ. 70-200 ಎಂಎಂ ಲೆನ್ಸ್ ನಿಮ್ಮ ಕ್ಯಾಮೆರಾದಲ್ಲಿ 105-300ರಂತೆ ವರ್ತಿಸುತ್ತದೆ.

ಎಷ್ಟು ದೂರ ನಿಲ್ಲಬೇಕು?

ಕ್ಯಾಮೆರಾ ಉದ್ದುದ್ದ ಹಿಡಿದಾಗ ಬೇಕಾಗುವ ಅಂದಾಜು ದೂರ ಹೀಗಿದೆ:

* 50 ಎಂಎಂ: ಎದೆಮಟ್ಟದ ಚಿತ್ರಕ್ಕೆ 4 ಅಡಿಗಿಂತ ತುಸು ಹೆಚ್ಚು, ಪೂರ್ಣ ನಿಲುವಿಗೆ 14 ಅಡಿ
* 70 ಎಂಎಂ: ಎದೆಮಟ್ಟಕ್ಕೆ 6 ಅಡಿ, ಪೂರ್ಣ ನಿಲುವಿಗೆ ಸುಮಾರು 20 ಅಡಿ
* 135 ಎಂಎಂ: ಎದೆಮಟ್ಟಕ್ಕೆ ಸುಮಾರು 12 ಅಡಿ, ಪೂರ್ಣ ನಿಲುವಿಗೆ 37 ಅಡಿ

10x12 ಅಡಿಯ ಕೋಣೆಯಲ್ಲಿ 70 ಎಂಎಂ ಹಾಕಿ ಸೀರೆಯ ಅಂಚಿನವರೆಗೆ ಚಿತ್ರ ತೆಗೆಯಲು ಗೋಡೆ ಒಡೆಯಬೇಕಷ್ಟೆ! ಹಾಗೆಂದು 18 ಎಂಎಂಗೆ ಇಳಿಸಿ ಮುಖದ ಹತ್ತಿರ ಹೋದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದಂತೆ ಕಾಣುತ್ತದೆ. ಇದು ಲೆನ್ಸಿನ ತಪ್ಪಲ್ಲ, ದೂರ ಕಡಿಮೆಯಾದದ್ದರ ಫಲ. ಮುಖದಿಂದ ಕನಿಷ್ಠ 5 ಅಡಿ ದೂರ ನಿಂತರೆ ಈ ತೊಂದರೆ ಬಹುಮಟ್ಟಿಗೆ ಇರುವುದಿಲ್ಲ.

ಎರಡನೇ ಸಂಖ್ಯೆ ಓದಿ

ಲೆನ್ಸಿನ ಮೇಲೆ ಎಫ್/3.5-5.6 ಎಂದು ಬರೆದಿದ್ದರೆ ಪೋರ್ಟ್ರೇಟ್‌ಗೆ ಮುಖ್ಯ ಎರಡನೇ ಸಂಖ್ಯೆ. ಝೂಮ್ ಪೂರ್ತಿ ಎಳೆದಾಗ ನಿಮಗೆ ಸಿಗುವುದು ಎಫ್/5.6 ಮಾತ್ರ. ಎಫ್/2.8 ಲೆನ್ಸ್ ಇದರ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಟ್ಯೂಬ್‌ಲೈಟ್ ಬೆಳಕಿನಲ್ಲಿ 1/30 ಸೆಕೆಂಡ್ ಶಟರ್ ವೇಗ ಸಿಗುತ್ತಿದ್ದ ಕಡೆ 1/125 ಸಿಗುತ್ತದೆ. ಓಡಾಡುವ ಮಗುವಿನ ಫೋಟೋ ಉಳಿಯುವುದು ಇದರಿಂದಲೇ. ಲೆನ್ಸಿನ ಸ್ಟೆಬಿಲೈಸೇಷನ್ ನಿಮ್ಮ ಕೈ ನಡುಕ ತಡೆಯುತ್ತದೆ, ಮಗುವಿನ ಓಟವನ್ನಲ್ಲ.

ಯಾರಿಗೆ ಯಾವುದು?

ಮನೆಯೊಳಗೇ ಹೆಚ್ಚು ಫೋಟೋ ತೆಗೆಯುವವರಿಗೆ ಝೂಮ್ ಪೂರ್ತಿ ಎಫ್/2.8 ಇರುವ ಲೆನ್ಸ್ ಸೂಕ್ತ. ಸಿಗ್ಮಾ 18-50 ಎಂಎಂ ಹಗುರ, ಆದರೆ ಇದರಲ್ಲಿ ಸ್ಟೆಬಿಲೈಸೇಷನ್ ಇಲ್ಲ. ಟ್ಯಾಮ್ರಾನ್ 17-70 ಎಂಎಂನಲ್ಲಿ ಸ್ಟೆಬಿಲೈಸೇಷನ್ ಇದೆ, ಗಾತ್ರ ದೊಡ್ಡದು. ನಿಮ್ಮ ಕ್ಯಾಮೆರಾದ ಮೌಂಟ್‌ಗೆ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ.

ಪಾರ್ಕು, ಕಡಲತೀರ, ತಾರಸಿಯಲ್ಲಿ ಫೋಟೋ ತೆಗೆಯುವವರು ಕ್ಯಾನನ್ 55-250 ಎಂಎಂನಂಥ ಕಡಿಮೆ ಬೆಲೆಯ ಲೆನ್ಸನ್ನು ಕಡೆಗಣಿಸಬೇಡಿ. 250 ಎಂಎಂ, ಎಫ್/5.6ನಲ್ಲಿ ಬೆಳಕಿನ ಕಿಂಡಿಯ ಅಗಲ ಸುಮಾರು 45 ಎಂಎಂ. 55 ಎಂಎಂ, ಎಫ್/2.8ನಲ್ಲಿ ಅದು 20 ಎಂಎಂ ಅಷ್ಟೆ. ಹೀಗಾಗಿ ಎದೆಮಟ್ಟದ ಚಿತ್ರದಲ್ಲಿ ದೂರದ ಹಿನ್ನೆಲೆಯನ್ನು ಹೆಚ್ಚು ಮಸುಕಾಗಿಸುವುದು ಈ ಅಗ್ಗದ ಲೆನ್ಸೇ. ಬಿಸಿಲು ಚೆನ್ನಾಗಿರಬೇಕು, 20 ಅಡಿ ಹಿಂದೆ ಸರಿಯಲು ಜಾಗವಿರಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಮುಂಬೈ, ಚೆನ್ನೈನಂಥ ತೇವದ ಊರುಗಳಲ್ಲಿ ಲೆನ್ಸಿಗೆ ಫಂಗಸ್ ಕಾಟ ಹೆಚ್ಚು. ಮೊಬೈಲ್ ಟಾರ್ಚ್ ಹಿಡಿದು ಗಾಜಿನ ಒಳಗೆ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಬೇಡ. ನಿಕಾನ್ ಡಿ3000, ಡಿ5000 ಸರಣಿಯ ಕ್ಯಾಮೆರಾಗಳಲ್ಲಿ ಫೋಕಸ್ ಮೋಟರ್ ಇಲ್ಲ. ಮೋಟರ್ ಇಲ್ಲದ ಹಳೆಯ ಲೆನ್ಸ್ ಹಾಕಿದರೆ ಕೈಯಲ್ಲೇ ಫೋಕಸ್ ಮಾಡಬೇಕಾಗುತ್ತದೆ.

ಖರ್ಚಿಲ್ಲದ ಪರೀಕ್ಷೆ

ನೀವು ಈಗಾಗಲೇ ತೆಗೆದಿರುವ ನೂರು ಮುಖಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು, ಪ್ರಾಪರ್ಟೀಸ್‌ನಲ್ಲಿ ಎಷ್ಟು ಎಂಎಂ ಎಂದು ನೋಡಿ. ಹೆಚ್ಚಿನವು 30-50ರ ನಡುವೆ ಇದ್ದರೆ ನಿಮಗೆ ಬೇಕಾದದ್ದು ಎಫ್/2.8 ಲೆನ್ಸ್. ಎಲ್ಲವೂ 55ಕ್ಕೇ ಬಂದು ನಿಂತಿದ್ದರೆ ಉದ್ದದ ಝೂಮ್ ಕೊಳ್ಳಿ. ನಿಮ್ಮ ಹಳೆಯ ಫೋಟೋಗಳಿಗಿಂತ ಒಳ್ಳೆಯ ಸಲಹೆಗಾರರು ಅಂಗಡಿಯಲ್ಲಿ ಸಿಗುವುದಿಲ್ಲ.