ಮೊಳೆ ಹಲಗೆಯಿಂದ ಸ್ಪೇಸ್ ಕೆಡೆಟ್‌ವರೆಗೆ: ಪಿನ್‌ಬಾಲ್ ಆಟವೋ, ಜೂಜೋ?

ವಿಂಡೋಸ್ ಎಕ್ಸ್‌ಪಿ ಬಳಸಿದವರಲ್ಲಿ ಪಿನ್‌ಬಾಲ್ ಆಡದವರು ಯಾರಾದರೂ ಇದ್ದೀರಾ? ಇಲ್ಲ ಅಂದುಕೊಂಡೇ ಮುಂದುವರಿಯುತ್ತೇನೆ :)

ಆದರೆ ನಿಜವಾದ ಪಿನ್‌ಬಾಲ್ ಯಂತ್ರವನ್ನು ಎಷ್ಟು ಜನ ಮುಟ್ಟಿದ್ದೀರಿ? ನಮ್ಮ ನವಲಗುಂದ, ಅಣ್ಣಿಗೇರಿ ಕಡೆ ನಾನಂತೂ ಒಂದನ್ನೂ ಕಂಡಿಲ್ಲ. ನಮಗೆ ಸಿಕ್ಕಿದ್ದು ಅದರ ಅಜ್ಜ, ಆಮೇಲೆ ಅದರ ಮೊಮ್ಮಗ. ಅಜ್ಜ ಅಂದರೆ ಜಾತ್ರೆಯಲ್ಲಿ ಸಿಗುತ್ತಿದ್ದ ಮೊಳೆ ಹಲಗೆ. ಸ್ಪ್ರಿಂಗ್ ಎಳೆದು ಬಿಟ್ಟರೆ ಗುಂಡು ಮೇಲೆ ಹೋಗಿ, ಮೊಳೆಗಳಿಗೆ ಬಡಿಯುತ್ತಾ ಇಳಿದು, ಯಾವುದೋ ಅಂಕಿಯ ಮನೆಯಲ್ಲಿ ಕೂರುತ್ತಿತ್ತು. ಮೊಮ್ಮಗ ಅಂದರೆ ಶಾಲೆಯ ಕಂಪ್ಯೂಟರಿನೊಳಗಿದ್ದ ಸ್ಪೇಸ್ ಕೆಡೆಟ್. ನಡುವಿನ ಅಪ್ಪನ ಮುಖವನ್ನೇ ನೋಡದೆ ಬೆಳೆದವರು ನಾವು.

ಈ ಅಜ್ಜನ ಮೂಲ ಫ್ರಾನ್ಸ್. 18ನೇ ಶತಮಾನದಲ್ಲಿ ಅಲ್ಲಿನ ಶ್ರೀಮಂತರು ಆಡುತ್ತಿದ್ದ ಬಾಗಟೆಲ್ ಎಂಬ ಮೇಜಿನ ಆಟ ಅದು. ಗುಂಡನ್ನು ಕೋಲಿನಿಂದ ತಳ್ಳಬೇಕಿತ್ತು. 1871ರಲ್ಲಿ ಅಮೆರಿಕದ ಮಾಂಟೇಗ್ ರೆಡ್‌ಗ್ರೇವ್ ಕೋಲಿನ ಬದಲು ಸ್ಪ್ರಿಂಗ್ ಹಾಕಿ ಪೇಟೆಂಟ್ ಪಡೆದ. ನಮ್ಮ ಜಾತ್ರೆ ಹಲಗೆ ಹೆಚ್ಚುಕಮ್ಮಿ ಅದೇ! 1931ರಲ್ಲಿ ಗಾಟ್ಲೀಬ್ ಕಂಪನಿಯ ‘ಬ್ಯಾಫಲ್ ಬಾಲ್’ ಬಂದ ಮೇಲೆ ಅಂಗಡಿ ಅಂಗಡಿಯಲ್ಲೂ ನಾಣ್ಯ ಹಾಕಿ ಆಡುವ ಯಂತ್ರಗಳು ಕೂತವು.

ಒಂದು ವಿಷಯ ಗಮನಿಸಿ. ಆಗಿನ್ನೂ ಫ್ಲಿಪ್ಪರ್ ಇರಲಿಲ್ಲ. ಗುಂಡು ಬಿಟ್ಟ ಮೇಲೆ ಆಟಗಾರ ಮೇಜನ್ನು ಸ್ವಲ್ಪ ಅಲ್ಲಾಡಿಸಬಹುದಿತ್ತು, ಅಷ್ಟೇ. ಹಾಗಾಗಿ ಅದು ಜೂಜು ಎಂಬ ಆರೋಪದಲ್ಲಿ ಹುರುಳಿಲ್ಲ ಅನ್ನೋಕಾಗಲ್ಲ. 1942ರಲ್ಲಿ ನ್ಯೂಯಾರ್ಕ್ ನಗರ ಪಿನ್‌ಬಾಲನ್ನು ನಿಷೇಧಿಸಿತು. ಮೇಯರ್ ಲಾಗಾರ್ಡಿಯಾ ಸ್ವತಃ ಸುತ್ತಿಗೆ ಹಿಡಿದು ಯಂತ್ರ ಒಡೆಯುವ ಫೋಟೋಗಳಿವೆ. ಮುಂದೆ 1947ರಲ್ಲಿ ‘ಹಂಪ್ಟಿ ಡಂಪ್ಟಿ’ ಯಂತ್ರದೊಂದಿಗೆ ಫ್ಲಿಪ್ಪರ್ ಬಂತು, ಆಟದ ಜಾತಿಯೇ ಬದಲಾಯಿತು. ಆದರೂ ನಿಷೇಧ ಹೋಗಲು 1976 ಬರಬೇಕಾಯಿತು. ರೋಜರ್ ಶಾರ್ಪ್ ಎಂಬಾತ ನಗರಸಭೆಯವರ ಎದುರು ಯಂತ್ರ ಇಟ್ಟುಕೊಂಡು, ಗುಂಡು ಈ ದಾರಿಯಲ್ಲೇ ಹೋಗುತ್ತದೆ ಅಂತ ಮೊದಲೇ ಹೇಳಿ, ಹಾಗೇ ಹೊಡೆದು ತೋರಿಸಿದ. ನಮ್ಮ ಕಾಕಾ ಅಲ್ಲಿದ್ದಿದ್ದರೂ “ಅದೆಲ್ಲಾ ನಸೀಬಲೇ ತಮ್ಮಾ” ಅಂತಿದ್ದರೇನೋ. ಅವರಿಗೆ ಇಸ್ಪೀಟೂ ಒಂದೇ, ಪಿನ್‌ಬಾಲೂ ಒಂದೇ.

ಈಗ ಮೊಮ್ಮಗನ ಕಥೆ. ಅಟಾರಿಯ ‘ವಿಡಿಯೋ ಪಿನ್‌ಬಾಲ್’ 1979ರಲ್ಲೇ ಬಂದಿತ್ತು. 1983ರ ಹೊತ್ತಿಗೆ ಬಿಲ್ ಬಜ್ ಬರೆದ ‘ಪಿನ್‌ಬಾಲ್ ಕನ್‌ಸ್ಟ್ರಕ್ಷನ್ ಸೆಟ್’ನಲ್ಲಿ ನಮಗೆ ಬೇಕಾದ ಮೇಜನ್ನು ನಾವೇ ಕಟ್ಟಬಹುದಿತ್ತು. ನಮ್ಮ ಸ್ಪೇಸ್ ಕೆಡೆಟ್ ಹುಟ್ಟಿದ್ದು 1995ರಲ್ಲಿ, ಟೆಕ್ಸಾಸ್‌ನ ಸಿನಿಮಾಟ್ರಾನಿಕ್ಸ್ ಎಂಬ ಸಣ್ಣ ಕಂಪನಿಯಲ್ಲಿ. ಮೊದಲು ವಿಂಡೋಸ್ 95ರ ‘ಪ್ಲಸ್’ ಪ್ಯಾಕ್‌ನಲ್ಲಿ ಬಂದು, ಎಕ್ಸ್‌ಪಿವರೆಗೂ ಉಳಿಯಿತು.

ವಿಸ್ಟಾದಲ್ಲಿ ಯಾಕೆ ಮಾಯವಾಯಿತು? ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ 2012ರಲ್ಲಿ ಕಾರಣ ಬರೆದಿದ್ದರು. 64 ಬಿಟ್‌ಗೆ ಬದಲಿಸುವಾಗ ಗುಂಡು ಯಾವುದಕ್ಕೂ ತಾಗದೆ, ದೆವ್ವದ ಹಾಗೆ ಎಲ್ಲದರ ಮೂಲಕ ತೂರಿ ಕೆಳಗೆ ಬೀಳುತ್ತಿತ್ತಂತೆ. ಹೊರಗಿನವರು ಎಷ್ಟೋ ವರ್ಷ ಹಿಂದೆ ಬರೆದ ಕೋಡು, ಕಾಮೆಂಟುಗಳೂ ಇಲ್ಲ. ತಪ್ಪು ಸಿಗಲಿಲ್ಲ, ಆಟವನ್ನೇ ಕೈಬಿಟ್ಟರು. ಬೇರೆಯವರ ಹಳೇ ಕೋಡು ತಲೆಗೆ ಕಟ್ಟಿಸಿಕೊಂಡ ನನ್ನಂಥವರಿಗೆ ಈ ಸಂಕಟ ಗೊತ್ತು ಬಿಡಿ. ಮೊಳೆ ಹಲಗೆಯಲ್ಲಿ ಡಿಕ್ಕಿ ತಾನಾಗಿ ಆಗುತ್ತದೆ, ಕಬ್ಬಿಣ ಕಬ್ಬಿಣವೇ. ಕಂಪ್ಯೂಟರಿನಲ್ಲಿ ಹಾಗಲ್ಲ. ಕಣ್ಣು ಮಿಟುಕಿಸುವುದರೊಳಗೆ ಹತ್ತಾರು ಸಲ ಗುಂಡು ಎಲ್ಲಿದೆ, ಅದರ ದಾರಿಯಲ್ಲಿ ಗೋಡೆ ಇದೆಯಾ ಅಂತ ಲೆಕ್ಕ ಹಾಕಬೇಕು. ಲೆಕ್ಕ ತಪ್ಪಿದರೆ ಗೋಡೆಯೇ ಇಲ್ಲ!

ಇಲ್ಲೇ ಕಾಕಾನ ಮಾತಿಗೆ ತೂಕ ಬರುವುದು. ಹಲಗೆಯಲ್ಲಿ ಮೊಳೆ ಸೊಟ್ಟಗಿದ್ದರೆ ಕಣ್ಣಿಗೆ ಕಾಣುತ್ತದೆ, ಅಂಗಡಿಯವನ ಜೊತೆ ಜಗಳ ಆಡಬಹುದು. ತೆರೆಯ ಹಿಂದಿನ ಮೊಳೆ ಯಾರಿಗೆ ಕಾಣುತ್ತದೆ? ಎಂ.ಜೆ. ಸಿವಾನಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಇಂಥದ್ದೇ ಅನುಮಾನ. ಬೆಂಗಳೂರಿನ ವಿಡಿಯೋ ಗೇಮ್ ಅಂಗಡಿಗಳಿಗೆ 1989ರ ಆದೇಶದಂತೆ ಲೈಸೆನ್ಸ್ ಬೇಕೋ ಬೇಡವೋ ಎಂಬುದು ಪ್ರಶ್ನೆ. ಆಡುವವನು ಗೆಲ್ಲದಂತೆ ಯಂತ್ರದೊಳಗೇ ಕೈಯಾಡಿಸುವ ಸಾಧ್ಯತೆ ಇದೆ ಎಂಬುದನ್ನೂ ಗಮನಿಸಿ, ಲೈಸೆನ್ಸ್ ಬೇಕೇ ಬೇಕು ಅಂತ ಕೋರ್ಟು 1995ರಲ್ಲಿ ಹೇಳಿತು. ಸ್ಪೇಸ್ ಕೆಡೆಟ್ ಹುಟ್ಟಿದ್ದೂ ಅದೇ ವರ್ಷ, ನೋಡಿ.

ವಾದ ಅಲ್ಲಿಗೆ ಮುಗಿಯಲಿಲ್ಲ. ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರವೇ ಕಾನೂನು ತಂದು, ಜಾಣ್ಮೆಯೋ ನಸೀಬೋ ಎಂಬ ಪ್ರಶ್ನೆಯನ್ನೇ ಬದಿಗಿಟ್ಟಿತು. ದುಡ್ಡಿಟ್ಟು ಆನ್‌ಲೈನ್‌ನಲ್ಲಿ ಆಡಿಸುವುದಾದರೆ ಎರಡೂ ಒಂದೇ ಅಂತ. ಕಾಕಾ ಗೆದ್ದರು!

ಸ್ಪೇಸ್ ಕೆಡೆಟ್‌ಗೆ ಇದರಿಂದ ಏನೂ ತೊಂದರೆಯಿಲ್ಲ, ಅದಕ್ಕೆ ನಾಣ್ಯ ಹಾಕುವ ತೂತೇ ಇಲ್ಲವಲ್ಲ. 2021ರಲ್ಲಿ ಒಬ್ಬ ಪುಣ್ಯಾತ್ಮ ಅದರ ಪ್ರೋಗ್ರಾಮನ್ನು ಬಿಚ್ಚಿ, ಓದಬಹುದಾದ ಕೋಡಾಗಿ ಗಿಟ್‌ಹಬ್‌ನಲ್ಲಿ ಹಾಕಿದ್ದಾನೆ. ಈಗ ಲಿನಕ್ಸ್‌ನಲ್ಲೂ ಓಡುತ್ತದೆ. ಒಳಗಿನ ಒಂದೊಂದು ಮೊಳೆಯನ್ನೂ ಎಣಿಸಬಹುದು.