ಅಂಗಳಕ್ಕೆ ಇಳಿದು ಬಂದ ಶಾಲೆ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಅವಳಿಗೆ ಮೂರೂವರೆ ವರ್ಷದ ಮಗ, ಎರಡು ತುಂಬಿದ ಮಗಳು. ಅವರ ಊರಿನ ಶಿಶುವಿಹಾರದವರು ಕೇಳುವ ಶುಲ್ಕ ಆ ಸಂಸಾರಕ್ಕೆ ನಿಲುಕುವಂಥದ್ದಲ್ಲ. ಒಂದನೆಯ ತರಗತಿಗೆ ಸೇರಿಸುವವರೆಗೆ ಮನೆಯಲ್ಲಿಯೇ ಕಲಿಸುವುದೆಂದು ಗಂಡ ಹೆಂಡತಿ ನಿಶ್ಚಯಿಸಿದ್ದಾರೆ. "ಸರ್, ಮಾಂಟೆಸ್ಸರಿ ಸಾಮಾನಿನ ಬೆಲೆ ವಿಚಾರಿಸಿದೆ, ಎದೆ ಧಸಕ್ಕೆಂದಿತು. ಕಡಿಮೆ ಖರ್ಚಿನದೊಂದು ಪಾಠಕ್ರಮ ಹಾಕಿಕೊಡಿ" ಎಂದಳು. ಅಂಗನವಾಡಿ ಇಲ್ಲವೇ ಎಂದು ಕೇಳಿದೆ. "ಎರಡು ಸಲ ಹೋದೆ ಸರ್, ಅಕ್ಕ ಯಾವುದೋ ಸಮೀಕ್ಷೆಗೆ ಹೋಗಿದ್ದರು" ಎಂದಳು.

ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದವನಿಗೆ ಮೂರು ವರ್ಷದ ಮಗುವಿನ ಪಾಠಕ್ರಮದ ವಿಷಯ ಏನು ಗೊತ್ತು? ಆದರೆ ಇತಿಹಾಸದ ಮೇಷ್ಟರಿಗೆ ಒಂದು ದುರಭ್ಯಾಸ ಉಂಟು. ಯಾರು ಏನು ಕೇಳಿದರೂ, ಇದನ್ನು ಹಿಂದೆ ಯಾರು ಮಾಡಿದ್ದರು ಎಂದು ಹುಡುಕತೊಡಗುತ್ತೇವೆ. ಹಾಗೆ ಹುಡುಕಿದಾಗ ದೊರೆತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಚಿತ್ರವನ್ನು ಗಮನಿಸಬೇಕು. ಇಂದು ಯಾವ ಹೆಸರನ್ನು ಫಲಕದ ಮೇಲೆ ಬರೆಸಿ ಶುಲ್ಕ ಏರಿಸುತ್ತಾರೋ, ಆ ಮರಿಯಾ ಮಾಂಟೆಸ್ಸರಿಯವರು 1907ರ ಜನವರಿಯಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದದ್ದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಕಡುಬಡವರ ಬಡಾವಣೆಯಲ್ಲಿ. ತಂದೆತಾಯಿ ಕೂಲಿಗೆ ಹೋದಾಗ ಗೋಡೆ ಗೀಚುತ್ತ ಅಲೆಯುತ್ತಿದ್ದ ಮಕ್ಕಳಿಗಾಗಿ ಹುಟ್ಟಿದ ಪದ್ಧತಿಯದು. ಅದು ಶ್ರೀಮಂತರ ಮನೆಯ ಸೊತ್ತಾಗಲು ಹೆಚ್ಚು ಕಾಲ ಹಿಡಿಯಲಿಲ್ಲ.

ನಮ್ಮ ದೇಶದಲ್ಲಿ ಇದನ್ನು ನೆಲದ ಗುಣಕ್ಕೆ ಒಗ್ಗಿಸಿದವರಲ್ಲಿ ಮೊದಲು ನೆನೆಯಬೇಕಾದವರು ಗುಜರಾತಿನ ಗಿಜುಭಾಯಿ ಬಧೇಕಾ. ವೃತ್ತಿಯಿಂದ ವಕೀಲರು. ಮಗ ಹುಟ್ಟಿದ ಮೇಲೆ, ಇವನನ್ನು ಹೇಗೆ ಬೆಳೆಸಲಿ ಎಂಬ ಚಿಂತೆಯಿಂದ ಮಾಂಟೆಸ್ಸರಿಯ ಬರಹಗಳನ್ನು ಓದತೊಡಗಿ, ಕಡೆಗೆ ವಕೀಲಿಯನ್ನೇ ಬಿಟ್ಟರು. 1920ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಪುಟ್ಟ ಮಕ್ಕಳಿಗೆ ಕಾಲ್ಪನಿಕ ಕಥೆ ಬೇಡವೆಂಬುದು ಮಾಂಟೆಸ್ಸರಿಯವರ ಮತ. ಗಿಜುಭಾಯಿ ಅದನ್ನು ಒಪ್ಪಲಿಲ್ಲ. ಕಥೆ, ಹಾಡು, ನಾಟಕಗಳನ್ನು ಬಾಲಮಂದಿರದ ನಡುವಿಗೇ ತಂದರು. ಕಥೆ ಹೇಳುವ ಶಾಸ್ತ್ರದ ಮೇಲೆ ಒಂದು ಗ್ರಂಥವನ್ನೇ ಬರೆದರು. ಜನ ಅವರನ್ನು 'ಮೀಸೆಯುಳ್ಳ ತಾಯಿ' ಎಂದು ಕರೆದರು. ನಾನು ಗಿಜುಭಾಯಿಯವರ ಪಕ್ಷ. ಕಾಸಿಲ್ಲದೆ ದೊರೆಯುವ ಬೋಧನ ಸಾಮಗ್ರಿ ಕಥೆಯೊಂದೇ ಅಲ್ಲವೆ? 1939ರ ಜೂನ್‌ನಲ್ಲಿ ಅವರು ತೀರಿಕೊಂಡರು. ಮಾಂಟೆಸ್ಸರಿಯವರು ಮದರಾಸಿನ ಅಡ್ಯಾರಿಗೆ ಬಂದು ಇಳಿದದ್ದು ಅದೇ ವರ್ಷದ ಕೊನೆಯಲ್ಲಿ.

ಗಿಜುಭಾಯಿಯವರ ಜೊತೆ ದುಡಿದವರು ತಾರಾಬಾಯಿ ಮೋಡಕ್. 1926ರಲ್ಲಿ ಇವರು ಸೇರಿ ನೂತನ ಬಾಲಶಿಕ್ಷಣ ಸಂಘವನ್ನು ಕಟ್ಟಿದರು. ವರ್ಷಗಟ್ಟಲೆ ಪಟ್ಟಣದ ಶಿಕ್ಷಕಿಯರನ್ನು ತರಬೇತುಗೊಳಿಸಿದ ಮೇಲೆ, ಇದೆಲ್ಲ ಹಳ್ಳಿಯ ಬಡ ಮಗುವಿಗೆ ತಲುಪಲಿಲ್ಲವಲ್ಲ ಎಂಬ ಕೊರಗು ತಾರಾಬಾಯಿಯವರಿಗೆ ಉಳಿದಿತ್ತು. 1945ರಲ್ಲಿ, ಐವತ್ಮೂರನೆಯ ವಯಸ್ಸಿನಲ್ಲಿ, ಮಹಾರಾಷ್ಟ್ರದ ಕಡಲ ತೀರದ ಬೋರ್ಡಿ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಜೊತೆಗೆ ಬಂದವರು ಅನುತಾಯಿ ವಾಘ್. ಹದಿಮೂರಕ್ಕೆ ಮದುವೆ, ಆರು ತಿಂಗಳಲ್ಲಿ ವೈಧವ್ಯ. ಆಮೇಲೆ ಹಟ ಹಿಡಿದು ಓದಿ ಶಿಕ್ಷಕಿಯಾದವರು.

ಬೋರ್ಡಿಯಲ್ಲಿ ಬಾಲವಾಡಿ ತೆರೆದದ್ದಾಯಿತು. ಉಳ್ಳವರ ಮಕ್ಕಳು ಬಂದರು, ಹರಿಜನ ಕೇರಿಯ ಮಕ್ಕಳು ಬರಲಿಲ್ಲ. ಕರೆದರೂ ಬರಲಿಲ್ಲ. ಆಗ ಈ ಇಬ್ಬರು ಮಾಡಿದ ಕೆಲಸ ಬಹಳ ಸರಳ. ಮಗು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಬಳಿಗೆ ಹೋಗಲಿ ಎಂದು ಸಾಮಾನು ಹೊತ್ತುಕೊಂಡು ಕೇರಿಯ ಅಂಗಳಗಳಿಗೇ ಹೋದರು. ಅಲ್ಲಿ ಮೊದಲ ಪಾಠ ಅಕ್ಷರವಲ್ಲ, ಸ್ನಾನ. ಮಕ್ಕಳ ಮೈ ತೊಳೆದು, ಉಗುರು ಕತ್ತರಿಸಿ, ತಲೆ ಬಾಚಿ, ಆಮೇಲೆ ಹಾಡು, ಆಟ. ವಿದೇಶಿ ಮಾದರಿಯ ಮರದ ಉಪಕರಣಗಳಿಗೆ ಹಣವಿರಲಿಲ್ಲ. ಕಪ್ಪೆಚಿಪ್ಪು, ಬೀಜ, ಎಲೆ, ಬೆಣಚುಕಲ್ಲು, ಬಿದಿರು ಇವೇ ಉಪಕರಣಗಳಾದವು. ಎಣಿಸುವುದಕ್ಕೂ ಅವೇ, ಬಣ್ಣ ಗಾತ್ರಗಳನ್ನು ಬೇರ್ಪಡಿಸುವುದಕ್ಕೂ ಅವೇ. ಅಂಗಳದಲ್ಲಿ ನಡೆದದ್ದರಿಂದ ಅದಕ್ಕೆ ಅಂಗನವಾಡಿ ಎಂಬ ಹೆಸರಾಯಿತು.

1957ರಲ್ಲಿ ಅವರ ಕೆಲಸ ಸಮೀಪದ ಕೋಸಬಾಡದ ಗುಡ್ಡಕ್ಕೆ, ವಾರ್ಲಿ ಆದಿವಾಸಿಗಳ ನಡುವೆ ಸಾಗಿತು. ಅಲ್ಲಿ ಇನ್ನೊಂದು ತೊಡಕು. ದೊಡ್ಡ ಹುಡುಗಿ ಶಾಲೆಗೆ ಬಂದರೆ ಕಂಕುಳಲ್ಲಿರುವ ತಮ್ಮನನ್ನು ನೋಡಿಕೊಳ್ಳುವವರು ಯಾರು? ಆದ್ದರಿಂದ ಕೂಸುಗಳ ಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೆಡೆ ಸೇರಿಸಿ ವಿಕಾಸವಾಡಿ ಎಂದು ಕರೆದರು. ದನ ಕಾಯುವ ಹುಡುಗರಿಗೆ ಹುಲ್ಲುಗಾವಲಿನಲ್ಲೇ ಶಾಲೆ ನಡೆಯಿತು. ತಾರಾಬಾಯಿ 1973ರಲ್ಲಿ ನಿಧನರಾದರು. ಅನುತಾಯಿ 1992ರವರೆಗೂ ಆ ಗುಡ್ಡದ ಕೆಲಸವನ್ನು ನಡೆಸಿದರು.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕಡೆ ಆರಂಭಿಸಿತು. ಅವುಗಳಲ್ಲಿ ಒಂದು ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅದರ ಕೇಂದ್ರಗಳಿಗೂ ಅಂಗನವಾಡಿ ಎಂದೇ ಹೆಸರು. ಪೌಷ್ಟಿಕ ಆಹಾರ, ಚುಚ್ಚುಮದ್ದು, ತೂಕ, ದಾಖಲೆ ಪುಸ್ತಕಗಳ ಹೊರೆಯ ನಡುವೆ ಹಾಡು ಆಟಗಳಿಗೆ ಉಳಿಯುವ ಹೊತ್ತು ಕಡಿಮೆ. ಕಾರ್ಯಕರ್ತೆಯರನ್ನು ದೂರಲು ನನಗೆ ಬಾಯಿಲ್ಲ. ನಾನು ಕೆಲಸ ಮಾಡಿದ ಒಂದು ಶಾಲೆಯ ಕಾಂಪೌಂಡಿಗೆ ಅಂಟಿಕೊಂಡೇ ಅಂಗನವಾಡಿಯಿತ್ತು. ಒಂಬತ್ತು ವರ್ಷಗಳಲ್ಲಿ ಅದರೊಳಗೆ ಕಾಲಿಟ್ಟದ್ದು ಒಂದೇ ಸಲ, ಅದೂ ಚುನಾವಣಾ ಕೆಲಸಕ್ಕೆ. ಎಂಟನೆಯ ತರಗತಿಗೆ ಬಂದ ಮಕ್ಕಳಿಗೆ ತಳಪಾಯವೇ ಇಲ್ಲವೆಂದು ಅಧ್ಯಾಪಕರ ಕೊಠಡಿಯಲ್ಲಿ ಗೊಣಗಿದ್ದು ಮಾತ್ರ ಲೆಕ್ಕವಿಲ್ಲ. ಗೋಡೆಯಾಚೆ ಹಾಕುತ್ತಿದ್ದ ತಳಪಾಯವನ್ನು ಹೋಗಿ ನೋಡಬೇಕೆಂದು ಆಗ ತೋಚಲಿಲ್ಲ.

ಆ ಹುಡುಗಿಗೆ ನಾನು ಬರೆದು ಕಳಿಸಿದ್ದು ಒಂದು ಪುಟ. ದಿನಕ್ಕೆ ಎರಡು ಗಂಟೆ ಸಾಕು. ಮುಖ ತೊಳೆಯುವುದು, ಗುಂಡಿ ಹಾಕಿಕೊಳ್ಳುವುದು, ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸುವುದು ಇವನ್ನೇ ಪಾಠವೆಂದು ತಿಳಿ. ಅವಸರಪಟ್ಟು ನೀನೇ ಮಾಡಿಬಿಡಬೇಡ. ಹುಣಸೆ ಬೀಜ, ಅವರೆ, ಕಡಲೆಗಳನ್ನು ಬೆರೆಸಿಕೊಟ್ಟು ಬೇರ್ಪಡಿಸಲು ಹೇಳು. ನೀನು ಎದುರಿಗೇ ಕುಳಿತಿರು, ಮಕ್ಕಳು ಬೀಜವನ್ನು ಬಾಯಿಗೂ ಮೂಗಿಗೂ ಹಾಕಿಕೊಳ್ಳುತ್ತಾರೆ. ಚಿಕ್ಕವಳ ಕೈಗೆ ಬೀಜ ಬೇಡವೇ ಬೇಡ, ಚಮಚ ಬಟ್ಟಲು ಕೊಡು. ಗುಲಗಂಜಿ, ಹರಳು ಬೀಜ ಎರಡೂ ವಿಷ, ಮನೆಗೇ ತರಬೇಡ. ಅಕ್ಷರಕ್ಕೆ ಅವಸರವಿಲ್ಲ, ಬಯಸಿದಾಗ ತಟ್ಟೆಯಲ್ಲಿ ಮರಳು ಹರಡಿ ಬೆರಳಿನಿಂದ ತಿದ್ದಲಿ. ಮಾಂಟೆಸ್ಸರಿಯ ಮರಳು ಕಾಗದದ ಅಕ್ಷರವೂ ನಮ್ಮ ಕೂಲಿಮಠದ ಮರಳೂ ದೂರದ ನೆಂಟರೇ. ಸಂಜೆ ಒಂದು ಕಥೆ, ಅಜ್ಜಿ ಹೇಳಿದರೆ ಇನ್ನೂ ಮೇಲು.

ಮೊನ್ನೆ ಮತ್ತೆ ಕರೆ ಮಾಡಿದ್ದಳು. ಜಗಲಿಗೆ ಎದುರು ಮನೆಯ ಗಾರೆ ಕೆಲಸದವರ ಎರಡು ಮಕ್ಕಳೂ ಬಂದು ಕೂರುತ್ತವಂತೆ. "ಕಳಿಸಿಬಿಡಲು ಮನಸ್ಸು ಬರುವುದಿಲ್ಲ ಸರ್, ಆದರೆ ನಾಲ್ವರಿಗೆ ಮರದ ತುಂಡು ಸಾಲುವುದಿಲ್ಲ" ಎಂದಳು. ನಿಮ್ಮಲ್ಲಿ ಯಾರಿಗಾದರೂ ಬಡಗಿಗಳ ಪರಿಚಯವಿದ್ದರೆ, ಉಳಿದ ತುಂಡುಗಳನ್ನು ಸಿಬಿರೇಳದಂತೆ ಉಜ್ಜಿಸಿ, ಒಂದು ಚೀಲದಷ್ಟು ನನಗೆ ತಲುಪಿಸಿ. ಬಣ್ಣ ಬೇಡ.