ಪರಮಾಣು ಅಪಘಾತ: ವಿಕಿರಣ ಬಿಡುಗಡೆಯ ಲೆಕ್ಕ ಬದಲಾದ ಬಗೆ

ರಿಯಾಕ್ಟರ್‌ನಲ್ಲಿ ಭಾರಿ ಅಪಘಾತ ಸಂಭವಿಸಿದರೆ ಇಂಧನದಿಂದ ಯಾವ ವಿಕಿರಣಶೀಲ ವಸ್ತು, ಎಷ್ಟು ಪ್ರಮಾಣದಲ್ಲಿ, ಯಾವ ರೂಪದಲ್ಲಿ, ಎಷ್ಟು ಹೊತ್ತಿನಲ್ಲಿ ಹೊರಬೀಳುತ್ತದೆ ಎಂಬ ಅಂದಾಜಿಗೆ ‘ಸೋರ್ಸ್ ಟರ್ಮ್’ ಎಂದು ಹೆಸರು. ಸ್ಥಾವರದ ಶೋಧಕಗಳು, ನಿಯಂತ್ರಣ ಕೊಠಡಿಯ ರಕ್ಷಣೆ, ಸುತ್ತಲಿನ ನಿರ್ಬಂಧಿತ ವಲಯ ಇವೆಲ್ಲವನ್ನೂ ಈ ಲೆಕ್ಕದ ಆಧಾರದಲ್ಲಿ ಪರಿಶೀಲಿಸಲಾಗುತ್ತದೆ.

ಹಳೆಯ ಲೆಕ್ಕ: ಅಮೆರಿಕದ ಪರಮಾಣು ಶಕ್ತಿ ಆಯೋಗವು 1962ರಲ್ಲಿ ಮೊದಲ ಪ್ರಮುಖ ಮಾನದಂಡ ರೂಪಿಸಿತು. ಅದರಂತೆ ಜಡಾನಿಲಗಳು ಶೇ. 100, ಅಯೋಡಿನ್ ಶೇ. 50, ಉಳಿದ ಘನವಸ್ತುಗಳು ಶೇ. 1ರಷ್ಟು ಒಮ್ಮೆಲೇ ರಕ್ಷಾಕವಚದೊಳಗೆ ಸೇರುತ್ತವೆ. ಅಯೋಡಿನ್ ಬಹುಪಾಲು ಅನಿಲರೂಪದಲ್ಲಿರುತ್ತದೆಂದು ಭಾವಿಸಲಾಗಿತ್ತು.

ಪರಿಷ್ಕರಣೆ: 1979ರ ತ್ರೀ ಮೈಲ್ ಐಲೆಂಡ್ ಅಪಘಾತದಲ್ಲಿ ಇಂಧನದ ಸುಮಾರು ಅರ್ಧಭಾಗ ಕರಗಿದರೂ ಪರಿಸರ ಸೇರಿದ ಅಯೋಡಿನ್ ಅತ್ಯಲ್ಪ. ಅದರ ಬಹುಪಾಲು ನೀರಿನಲ್ಲೇ ಉಳಿದಿತ್ತು. ನಂತರದ ಸಂಶೋಧನೆಗಳ ಫಲವಾಗಿ 1995ರಲ್ಲಿ ಹೊಸ ಅಂದಾಜು ಪ್ರಕಟವಾಯಿತು. ಬಿಡುಗಡೆ ಹಂತಹಂತವಾಗಿ ನಡೆಯುತ್ತದೆ, ಅಯೋಡಿನ್‌ನ ಶೇ. 95 ಭಾಗ ಸೀಸಿಯಂ ಅಯೋಡೈಡ್ ಕಣಗಳಾಗಿರುತ್ತದೆ ಎಂಬುದು ಅದರ ಸಾರ. ಆದರೆ ಇದು ಬರೀ ಸಡಿಲಿಕೆಯಲ್ಲ. ಹಿಂದೆ ಶೇ. 1ರ ಗುಂಪಿನಲ್ಲಿದ್ದ ಸೀಸಿಯಂ, ಒತ್ತಡಯುಕ್ತ ನೀರಿನ ರಿಯಾಕ್ಟರ್‌ಗಳ ಹೊಸ ಲೆಕ್ಕದಲ್ಲಿ ಶೇ. 30ಕ್ಕೇರಿತು. 2000ದಲ್ಲಿ ಹೊರಬಂದ ಮಾರ್ಗಸೂಚಿಯನ್ನು 2023ರಲ್ಲಿ ಮತ್ತೆ ಪರಿಷ್ಕರಿಸಲಾಯಿತು.

ಕೈಗಾ: ಉತ್ತರ ಕನ್ನಡದ ಕಾಳಿ ನದಿ ದಂಡೆಯ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ 4 ಭಾರಜಲ ರಿಯಾಕ್ಟರ್‌ಗಳಿವೆ. ಇವು ಸಹಜ ಯುರೇನಿಯಂ ಬಳಸುವ, ಒತ್ತಡ ಕೊಳವೆಗಳ ರಿಯಾಕ್ಟರ್‌ಗಳಾದ್ದರಿಂದ ಅಮೆರಿಕದ ಅಂಕಿಗಳು ಇಲ್ಲಿಗೆ ನೇರವಾಗಿ ಅನ್ವಯಿಸುವುದಿಲ್ಲ. ಭಾರತದಲ್ಲಿ ಸುರಕ್ಷತೆಯ ಪರಿಶೀಲನೆ 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಹೊಣೆ. ಲೆಕ್ಕ ಯಾವುದೇ ಇರಲಿ, ವಿಕಿರಣವನ್ನು ತಡೆಯುವ ಕೊನೆಯ ಗೋಡೆ ರಕ್ಷಾಕವಚ. 1994ರ ಮೇ ತಿಂಗಳಲ್ಲಿ ನಿರ್ಮಾಣ ಹಂತದಲ್ಲೇ ಕೈಗಾ 1ನೇ ಘಟಕದ ಒಳಗುಮ್ಮಟದ ಭಾಗ ಕುಸಿಯಿತು. ಆಗ ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆ ಉದ್ಭವಿಸಲಿಲ್ಲ. ಗುಮ್ಮಟದ ವಿನ್ಯಾಸ ಬದಲಿಸಿ ಮರುನಿರ್ಮಿಸಲಾಯಿತು.

ದೂರದ ಊರುಗಳಿಗೆ: ಕಡೂರು ತಾಲ್ಲೂಕಿನ ಸಿಂಗಟಗೆರೆ ಕೈಗಾದಿಂದ 200 ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ಭಾರತದಲ್ಲಿ ತುರ್ತು ಯೋಜನೆಗೆ ಬಹುಕಾಲ ಬಳಸಿದ ವಲಯ 16 ಕಿ.ಮೀ. ಮಾತ್ರ. ಆದರೂ 2011ರ ಫುಕುಶಿಮಾ ದುರಂತದಲ್ಲಿ 20 ಕಿ.ಮೀ. ತೆರವು ವಲಯದ ಹೊರಗಿದ್ದ ಇಟಾಟೆ ಗ್ರಾಮವನ್ನೂ ಖಾಲಿ ಮಾಡಿಸಬೇಕಾಯಿತು. ಗಾಳಿ ಮತ್ತು ಮಳೆ ನಕ್ಷೆಯ ವೃತ್ತಗಳನ್ನು ಲೆಕ್ಕಿಸುವುದಿಲ್ಲ. ಅಯೋಡಿನ್-131ರ ಅರ್ಧಾಯುಷ್ಯ 8 ದಿನ. ಅದು ಹುಲ್ಲಿನಿಂದ ಹಸುವಿನ ಹಾಲಿಗೆ ಸೇರಬಲ್ಲದು. ಸೀಸಿಯಂ-137ರ ಅರ್ಧಾಯುಷ್ಯ ಸುಮಾರು 30 ವರ್ಷ. ಅದು ಮಣ್ಣಿನಲ್ಲಿ ಉಳಿಯುತ್ತದೆ. ಯಾವುದು ಎಷ್ಟು ಹೊರಬೀಳುತ್ತದೆಂಬ ಅಂದಾಜು ಹೊಲ, ಹಟ್ಟಿಗಳಿಗೂ ಸಂಬಂಧಿಸಿದ್ದು ಈ ಕಾರಣಕ್ಕೆ.